ಮಳೆ ಕುಡಿದ ಬಂಡೆ

ರಜೆಯ ಕೊನೆಯ ದಿನವೇ ಮಳೆ ಬರಬೇಕೆ? ಅಮೆರಿಕದ ಯೂಟಾದ ಕೆಂಪು ಬಂಡೆಗಳ ಸೀಮೆಗೆ ವರ್ಷಕ್ಕೆ ಬರುವುದೇ ನಾಲ್ಕು ಹನಿ. ಅಷ್ಟೂ ಹನಿ ರೂಲನ್ ಸಂಸಾರದ ಡೇರೆಯ ಮೇಲೆ ರಾತ್ರಿಯಿಡೀ ಸುರಿಯಿತು.

ಬೆಳಗಾದ ಮೇಲೆ ಬಿಸಿಲಿಗೆ ಕಾದು ಬಂಡೆ ಕೆಂಡದ ಬಣ್ಣಕ್ಕೆ ತಿರುಗಿತು. ಎಷ್ಟು ಸಲ ನೋಡಿದವರೂ ಅದರ ಮುಂದೆ ಬಾಯಿ ಮುಚ್ಚಿ ನಿಲ್ಲಬೇಕು, ಅಂಥ ಚೆಲುವು. ರೂಲನ್ ನಿಲ್ಲಲಿಲ್ಲ. ಹಗ್ಗದ ಚೀಲ ಹೆಗಲಿಗೇರಿಸಿದ. ಈ ರಜೆಯಲ್ಲಿ ಬಂಡೆ ಹತ್ತಿಸುತ್ತೇನೆಂದು ಮಗಳು ಬ್ರಿನ್‌ಲಿಗೆ ಮಾತು ಕೊಟ್ಟಿದ್ದ. ನಾಳೆ ಊರಿಗೆ ಹೊರಡಬೇಕು.

ಪಕ್ಕದ ಡೇರೆಯಿಂದ ಅವನ ಅಕ್ಕ ಡೆಲ್ಫಾ ಕೂಗಿದಳು. ಈ ಬಂಡೆಗಳನ್ನು ಹತ್ತುತ್ತಲೇ ತಲೆ ನೆರೆತವಳು ಅವಳು.

"ಎಲ್ಲಿಗೋ ಸವಾರಿ?"

"ಬಂಡೆಗೆ. ಹಗ್ಗ ಹೊತ್ಕೊಂಡು ಮದುವೆಗೆ ಹೋಗ್ತಾರಾ?"

"ಇವತ್ತು ಬೇಡ ಕಣೋ. ಮಳೆ ಬಿದ್ದಿದೆ."

"ಬಿದ್ದಿದ್ದು ಒಣಗಿದೆ. ಮುಟ್ಟಿ ನೋಡು, ಕಾದ ಹೆಂಚಿನ ಹಾಗಿದೆ."

"ಮೇಲೆ ಒಣಗಿದೆ. ಹೊಟ್ಟೆಯೊಳಗೆ?"

"ಕಲ್ಲಿಗೆ ಹೊಟ್ಟೆ ಎಲ್ಲಿಂದ ಬಂತಕ್ಕಾ? ಕಲ್ಲು ಕಲ್ಲೇ!"

ಒಲೆಯ ಮುಂದಿದ್ದ ಹೆಂಡತಿ ಮಾರ್ವಾ ತಿರುಗಿ ನೋಡಿದಳು. "ನೀವಿಬ್ರೂ ಎಷ್ಟಾದ್ರೂ ಕಿತ್ತಾಡಿ. ನನ್ನ ಮಗಳು ಬೀಳ್ಬಾರ್ದು, ಅಷ್ಟೇ."

ಡೆಲ್ಫಾ ತಮ್ಮನನ್ನು ಬಂಡೆಯ ಬುಡಕ್ಕೆ ಎಳೆದೊಯ್ದಳು. "ಅಗೆ."

ರೂಲನ್ ಗೊಣಗುತ್ತ ಕೈಯಲ್ಲೇ ಅಗೆದ. ಮೇಲೆ ಒಣ ಮರಳು. ನಾಲ್ಕು ಬೆರಳು ಕೆಳಗೆ ಉಂಡೆ ಕಟ್ಟುವಷ್ಟು ಹಸಿ.

"ಬುಡದ ಮರಳು ಹಸಿ ಇದ್ರೆ ಬಂಡೆಯೊಳಗೂ ಹಸಿ."

"ಇದು ನೆಲ, ಅದು ಗೋಡೆ. ನನ್ನನ್ನೇನು ದಡ್ಡ ಅಂದ್ಕೊಂಡ್ಯಾ?"

"ದಡ್ಡ ಅಲ್ಲ, ಮೊಂಡ!"

ಅವಳು ಬಿದ್ದಿದ್ದ ಎರಡು ಚಕ್ಕೆಗಳನ್ನು ಆಯ್ದಳು. ಮಳೆ ತಾಗದ ಗವಿಯೊಳಗಿನದು ಒಂದು, ಬಯಲಲ್ಲಿ ನೆನೆದು ಒಣಗಿದ್ದು ಇನ್ನೊಂದು. ನೋಡಲು ಎರಡೂ ಒಂದೇ. "ಮುರಿ" ಎಂದಳು. ಗವಿಯ ಚಕ್ಕೆಯನ್ನು ಮಂಡಿಗೆ ಒತ್ತಿದ, ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ. ಬಯಲಿನದು ಹಾಲಲ್ಲಿ ಅದ್ದಿದ ಬಿಸ್ಕತ್ತಿನಂತೆ ಅವನ ಕೈಯಲ್ಲೇ ಕಳಚಿತು. ಒಳಗೆಲ್ಲ ಕಪ್ಪುಗೆಂಪು ತೇವ.

ರೂಲನ್ ಹಗ್ಗದ ಚೀಲವನ್ನು ಹೆಗಲಿನಿಂದ ಇಳಿಸಿದ. ಮಗಳು ಹಿಡಿಯಬೇಕಿದ್ದ ಕಲ್ಲೂ ಇದೇ ಜಾತಿಯದು.

"ಮರಳುಗಲ್ಲು ನೀರು ಕುಡಿಯುತ್ತೆ ಕಣೋ. ಹಿಡಿದ ಕಲ್ಲು ಕಿತ್ತು ಬರುತ್ತೆ, ಹಗ್ಗ ಸಿಕ್ಕಿಸಿದ ಮೊಳೆನೂ ಬರಬಹುದು. ಒಮ್ಮೆ ಮುರಿದ ಕಲ್ಲು ಮತ್ತೆ ಬೆಳೆಯಲ್ಲ, ನಮ್ಮ ಹಿಂದೆ ಬರೋರಿಗೂ ಹಿಡಿಯೋಕೆ ಸಿಗಲ್ಲ."

ರೂಲನ್ ಹಿಂದೆಯೇ ಬಂದು ನಿಂತಿದ್ದ ಮಗಳತ್ತ ತಿರುಗಿದ. "ಬ್ರಿನ್‌ಲಿ, ಕೊಟ್ಟ ಮಾತು..."

"ಮುಂದಿನ ರಜೆಗೆ ಇಟ್ಕೋ ಅಪ್ಪ. ಬಂಡೆ ಎಲ್ಲಿಗೂ ಓಡಿಹೋಗಲ್ಲ."

ಆಗ ಇಬ್ಬರು ಹುಡುಗಿಯರು ಹಗ್ಗ ಹೊತ್ತು ಬಂದರು. ರೂಲನ್ ಅವರಿಗೆ ಅಡ್ಡ ನಿಂತ.

"ನಿಲ್ರೀ! ಮೊದ್ಲು ಇಲ್ಲಿ ಅಗೀರಿ. ಬಂಡೆ ಹತ್ತೋರಿಗೆ ಇಷ್ಟೂ ಗೊತ್ತಿರ್ಬೇಡ್ವಾ?"

ಡೆಲ್ಫಾ ಹೊಟ್ಟೆ ಹಿಡಿದು ನಕ್ಕಳು. "ನೋಡ್ರಪ್ಪಾ, ಈಗ ತಾನೇ ಹುಟ್ಟಿದ ಪಂಡಿತ!"

ಬಂಡೆ ಹತ್ತಲು ಹೊರಟಿರುವವರೇ, ಮರಳುಗಲ್ಲಿನ ಮೇಲ್ಮೈ ನಂಬಬೇಡಿ. ಬುಡದ ಮರಳು ಅಗೆದು ನೋಡಿ. ಹಸಿಯಿದ್ದರೆ ಹಗ್ಗವನ್ನು ಚೀಲದಿಂದ ತೆಗೆಯಲೇಬೇಡಿ. ಒಂದೆರಡು ದಿನ, ಜೋರು ಮಳೆಯಾಗಿದ್ದರೆ ಇನ್ನೂ ಹೆಚ್ಚು ಕಾಯಿರಿ. ರಜೆ ಮುಗಿಯಿತೆಂದು ಬಂಡೆ ಬೇಗ ಒಣಗುವುದಿಲ್ಲ. ನಿಮ್ಮ ಮಕ್ಕಳನ್ನು ಕರೆತಂದಂತೆಯೇ ಕ್ಷೇಮವಾಗಿ ಮನೆಗೆ ಕರೆದೊಯ್ಯಿರಿ.