ನಿಂಗಕ್ಕನಿಗೆ ಕೊಟ್ಟ ಮಾತು

ಚಿತ್ರದುರ್ಗದಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಜಾಹೀರಾತು ಏಜೆನ್ಸಿ. ಒಳಗೆ ಎರಡು ಕಂಪ್ಯೂಟರು, ಡಿಸೈನ್ ಮಾಡುವ ನಾನು ರೋಜಾ, ಮತ್ತು ಮಾಲೀಕರಾದ ಮಾರುತೇಶ್ ಸರ್. ನಾನು ಸೇರಿದ ಮೇಲೆ ಐದು ಜನ ಬಂದು ಹೋಗಿದ್ದಾರೆ. ನಾಲ್ಕು ವರ್ಷದಿಂದ ಅಂಟಿಕೊಂಡಿರುವವಳು ನಾನೊಬ್ಬಳೇ. ಸರ್ ಅದನ್ನು ನಿಷ್ಠೆ ಅನ್ನುತ್ತಾರೆ. ನನಗೆ ಅದು ಬರೀ ಸುಸ್ತು.

ಸರ್ ಕೆಟ್ಟವರಲ್ಲ. ಬೆಳಿಗ್ಗೆ ಕೆಂಪು ಬೇಕು ಅಂದವರು ಮಧ್ಯಾಹ್ನ ಹಸಿರು ಯಾಕಿಲ್ಲ ಅನ್ನುತ್ತಾರೆ, ಅಷ್ಟೇ. ಕೆಲಸ ಕೆಟ್ಟರೆ ಗಿರಾಕಿಯ ಎದುರಿಗೆ ನನ್ನ ಕಡೆ ತಿರುಗಿ ‘ಏನಮ್ಮ ಇದು?’ ಅನ್ನುತ್ತಾರೆ. ನಾನು ‘ಸಾರಿ ಸರ್, ನನ್ನದೇ ತಪ್ಪು’ ಅನ್ನಬೇಕು. ಗಿರಾಕಿ ಇಳಿದು ಹೋದ ಮೇಲೆ ಮಂಡಕ್ಕಿ ಮಿರ್ಚಿ ತರಿಸಿ, ‘ಬೇಜಾರ್ ಮಾಡ್ಕಬ್ಯಾಡ, ವ್ಯಾಪಾರದಾಗೆ ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ. ನಮ್ಮಲ್ಲಿ ಮಾಡುವವರು ಅವರು, ಉಣ್ಣುವವಳು ನಾನು.

ಹೋದ ತಿಂಗಳು ಹಿರೇಗುಂಟನೂರಿನ ಕಂಬಳಿ ಸಂಘದ ಕೆಲಸ ಬಂತು. ಕಂಬಳಿ ಹಾಕಿಕೊಡುವ ಚೀಲದ ಮೇಲೆ ಅಚ್ಚು ಹಾಕಿಸಲು ಒಂದು ಚಿತ್ರ ಬೇಕಿತ್ತು. ನಾನೇ ಊರಿಗೆ ಹೋದೆ. ನಿಂಗಕ್ಕ ಎಂಬ ಎಪ್ಪತ್ತರ ಅಜ್ಜಿ ಜಗಲಿಯ ಮೇಲೆ ರಾಟೆ ತಿರುಗಿಸಿ ಉಣ್ಣೆ ನೂಲುತ್ತಿದ್ದರು. ಫೋಟೋ ಅಂದರೆ ಒಪ್ಪಲಿಲ್ಲ.

‘ನನ್ ಮಕ ಯಾರ್ ನೋಡ್ತಾರವ್ವ? ಹಲ್ಲೂ ಇಲ್ಲ.’

ಅರ್ಧ ದಿನ ಪಕ್ಕದಲ್ಲೇ ಕೂತು, ಉಣ್ಣೆ ಬಿಡಿಸಿಕೊಟ್ಟು ಒಪ್ಪಿಸಿದೆ.

‘ಚೀಲದ ಮ್ಯಾಲೆ ನಾನೇ ಇರ್ತೀನಾ?’

‘ನೀವೇ ಇರ್ತೀರ ಅಜ್ಜಿ. ನನ್ ಮಾತು.’

ಅವರು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ನಾಲ್ಕು ವರ್ಷದಲ್ಲಿ ನಾನು ಇಷ್ಟಪಟ್ಟು ಮಾಡಿದ ಕೆಲಸ ಅದೊಂದೇ.

ಸರ್ ಫೋಟೋ ನೋಡಿ ಮುಖ ಸಿಂಡರಿಸಿದರು. ಸುಕ್ಕು ಜಾಸ್ತಿಯಂತೆ. ಎಐಗೆ ಹೇಳಿ, ಬೆಳ್ಳಗಿನ ಹೆಂಗಸೊಬ್ಬಳು ರಾಟೆ ತಿರುಗಿಸುವ ಚಿತ್ರ ಮಾಡಿಸಿದರು. ಆ ರಾಟೆಯಲ್ಲಿ ನೂಲೇ ಇರಲಿಲ್ಲ. ಮೂರು ಸಲ ಹೇಳಿದೆ. ಅಜ್ಜಿಗೆ ಮಾತು ಕೊಟ್ಟಿದ್ದೇನೆ ಅಂತಲೂ ಹೇಳಿದೆ. ‘ಯಾರ್ ನೋಡ್ತಾರೆ ಬಿಡಮ್ಮ’ ಎಂದು ಸರ್ ಎರಡು ಸಾವಿರ ಚೀಲ ಪ್ರಿಂಟಿಗೆ ಕಳಿಸಿಬಿಟ್ಟರು.

ಎಲ್ಲರೂ ನೋಡಿದರು. ಮೊನ್ನೆ ಸಂಘದ ಅಧ್ಯಕ್ಷ ಚಿತ್ರಲಿಂಗಪ್ಪ ಚೀಲ ಹಿಡಿದು ಆಫೀಸಿಗೇ ಬಂದರು. ಹಿಂದೆ ನಿಂಗಕ್ಕ.

‘ಏನ್ರಿ ಮಾರುತೇಶ್, ನೂಲೇ ಇಲ್ದೆ ಏನ್ರಿ ನೂಲ್ತಾಳೆ ಇವ್ಳು? ಊರೆಲ್ಲ ನಗ್ತಾ ಐತೆ. ನಮ್ ನಿಂಗಕ್ಕ ಎಲ್ರಿ?’

ಸರ್ ಕುರ್ಚಿ ನನ್ನ ಕಡೆ ತಿರುಗಿತು. ‘ಏನಮ್ಮ ರೋಜಾ ಇದು? ಅಜ್ಜಿ ಫೋಟೋ ಯಾಕ್ ತೆಗ್ದ್ ಹಾಕ್ದೆ?’

ನಾನಲ್ಲ ಅನ್ನಬಹುದಿತ್ತು. ಆದರೆ ನಾಲ್ಕು ವರ್ಷದ ಅಭ್ಯಾಸ, ಬಾಯಿ ನನ್ನನ್ನು ಕೇಳಲೇ ಇಲ್ಲ.

‘ಸಾರಿ ಸರ್, ನನ್ನದೇ ತಪ್ಪು.’

ಅಲ್ಲಿಯವರೆಗೆ ಸರ್ ಅವರನ್ನೇ ದುರುಗುಟ್ಟಿ ನೋಡುತ್ತಿದ್ದ ನಿಂಗಕ್ಕ ನನ್ನ ಕಡೆ ತಿರುಗಿದರು.

‘ಇದ್ ಮಾಡಿದ್ದು ನೀನೇನವ್ವ?’

ನಾನು ತಲೆ ತಗ್ಗಿಸಿದೆ. ಸರ್ ನಗುತ್ತಾ, ‘ಹೋಗ್ಲಿ ಬಿಡ್ರಿ, ಅಜ್ಜಿ ಫೋಟೋನೇ ಹಾಕಿ ಹೊಸ ಚೀಲ ಮಾಡ್ಕೊಡ್ತೀವಿ’ ಅಂದರು.

‘ಬ್ಯಾಡ್ರಿ,’ ಅಂದರು ನಿಂಗಕ್ಕ. ‘ಈ ಹುಡ್ಗಿ ಪಕ್ಕದಾಗೆ ಕುಂತು ಕೇಳಿದ್ಲು ಅಂತ ಹೂಂ ಅಂದಿದ್ದೆ. ಇವ್ಳಿಗೇ ಬ್ಯಾಡಾದ್ ಮ್ಯಾಲೆ ನನ್ ಮಕ ಯಾಕೆ?’ ತಿರುಗಿ ಹೊರಟೇಬಿಟ್ಟರು.

ಮೆಟ್ಟಿಲ ತನಕ ಓಡಿ ಅವರ ಕೈ ಹಿಡಿದುಕೊಂಡೆ.

‘ಅಜ್ಜಿ, ನಾನಲ್ಲ. ಸರ್ ಮಾಡಿದ್ದು. ದೇವರಾಣೆ.’

ನಿಂಗಕ್ಕ ಬೈಯಲಿಲ್ಲ. ಮೊಮ್ಮಗಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

‘ತಪ್ಪು ಮಾಡಿ ಇನ್ನೊಬ್ಬರ ಮ್ಯಾಲೆ ಹಾಕ್ಬಾರ್ದು ಕಣವ್ವ.’