ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು

ಸಾಲಿನಲ್ಲಿ ಮುಂದೆ ಇನ್ನೂ ಹನ್ನೊಂದು ಜನ ಇದ್ದರು, ದ್ವಾರಕಾನಾಥರ ಗಡಿಯಾರದಲ್ಲಿ ಆಗಲೇ ಹತ್ತು ಇಪ್ಪತ್ತೈದು. ಹಡಗಿನಿಂದ ಇಳಿಯುವ ಬಾಗಿಲಲ್ಲಿ ಬಿಳಿ ಅಂಗಿಯ ಹುಡುಗಿಯೊಬ್ಬಳು ಒಬ್ಬೊಬ್ಬರ ಕಾರ್ಡನ್ನೂ ಯಂತ್ರಕ್ಕೆ ತೋರಿಸಿ, ಟಿಂಗ್ ಎನ್ನಿಸಿ, ಬಾಯ್ತುಂಬ ನಕ್ಕು ಕಳಿಸುತ್ತಿದ್ದಳು. ಆ ನಗುವನ್ನು ಕೊಂಚ ಕಡಿಮೆ ಮಾಡಿದರೆ ಸಾಲು ಬೇಗ ಸರಿಯುತ್ತಿತ್ತು ಎಂದು ದ್ವಾರಕಾನಾಥರ ಹೆಂಡತಿ ಉಷಾಗೆ ಅನ್ನಿಸಿತು.

ಅವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ದ್ವಾರಕಾನಾಥರು ಮೂವತ್ತೈದು ವರ್ಷ ಸೇತುವೆಗಳ ಇಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಯಾವ ತೊಲೆ ಎಷ್ಟು ಭಾರ ಹೊರುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳುವಂಥ ಈ ಮನುಷ್ಯ ರಾಹುಕಾಲದಲ್ಲಿ ಮಾತ್ರ ಒಂದು ಹೊಸ್ತಿಲೂ ದಾಟಿದವರಲ್ಲ. ಜರ್ಸಿ ಸಿಟಿಯ ಮನೆಗೆ ಸಹಿ ಹಾಕುವ ದಿನ ವಕೀಲರನ್ನೂ ಬ್ಯಾಂಕಿನವರನ್ನೂ ಕಾಯಿಸಿ ಕೂರಿಸಿದ್ದರು. ಮಗಳು ಕ್ಷಮಾ ಹುಟ್ಟುವ ದಿನವಂತೂ ಉಷಾ ನೋವು ತಿನ್ನುತ್ತಾ ಬಾಗಿಲ ಒಳಗೇ ಇಪ್ಪತ್ತು ನಿಮಿಷ ನಿಂತಿದ್ದಳು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿಲ್ಲ, ಮರೆತೂ ಇಲ್ಲ.

ಈ ಪ್ರವಾಸ ಆ ಮಗಳೇ ಕೊಟ್ಟ ಉಡುಗೊರೆ. ತಮ್ಮೂರ ಪಕ್ಕದ ಬೆಯೋನ್ ಬಂದರಿನಲ್ಲಿ, ಹಿಮ ಬೀಳುತ್ತಿರುವಾಗ ಹಡಗು ಹತ್ತಿ ಐದು ದಿನ ಆಗಿತ್ತು. ಇಡೀ ಪ್ರವಾಸದಲ್ಲಿ ಮರಳೂ ಈಜುವಂಥ ಸಮುದ್ರವೂ ಇರುವ ನಿಲುಗಡೆ ಈ ದ್ವೀಪವೊಂದೇ. ಆರು ಗಂಟೆ ಕಾಲ ನಿಲ್ಲಬೇಕಾಗಿದ್ದ ಹಡಗು ಅಲೆಗಳ ಕಾಟದಿಂದ ತಡವಾಗಿ ಬಂದದ್ದರಿಂದ, ಹನ್ನೆರಡೂವರೆಗೆಲ್ಲ ಎಲ್ಲರೂ ವಾಪಸಾಗಬೇಕೆಂದು ಕ್ಯಾಪ್ಟನ್ ಬೆಳಿಗ್ಗೆ ತಿಳಿಸಿದ್ದ. ಅಂದರೆ ಹತ್ತೂವರೆಯೊಳಗೆ ಇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಉಷಾಗೆ ಆ ನೀರು ಬೇಕಿತ್ತು. ಸುಮ್ಮನೆ ಕಾಲು ತೋಯಿಸಿ ಬರುವುದಕ್ಕಲ್ಲ. ಎರಡು ವರ್ಷದ ಹಿಂದೆ ಡಾಕ್ಟರು ಅವಳ ಮಂಡಿ ನೋವಿಗೆ ನೀರಿನಲ್ಲಿ ವ್ಯಾಯಾಮ ಮಾಡಿ ಎಂದಿದ್ದರು. ವ್ಯಾಯಾಮಕ್ಕೆ ಹೋದವಳು ಅಲ್ಲಿ ಕಲಿಸುತ್ತಿದ್ದ ಸಿಯಾ ಎಂಬ ಹುಡುಗಿಯಿಂದ ಸದ್ದಿಲ್ಲದೆ ಈಜು ಕಲಿತಳು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಈಜು ಕಲಿಯುತ್ತಿದ್ದೇನೆ ಎಂದರೆ ಮನೆಯಲ್ಲಿ ನಗುತ್ತಾರೆಂದು ಗಂಡನಿಗೆ ವ್ಯಾಯಾಮ ಎಂದೇ ಹೇಳಿಕೊಂಡು ಬಂದಳು. ಆದರೆ ಆ ಕೊಳದಲ್ಲಿ ಎಲ್ಲಿ ನಿಂತರೂ ನೀರು ಎದೆಮಟ್ಟ. ಕೊನೆಯ ದಿನ ಸಿಯಾ, "ಆಂಟಿ, ನೌ ಯು ಕೆನ್ ಸ್ವಿಮ್ ಎನಿವೇರ್," ಎಂದಳು. ಆ 'ಎನಿವೇರ್' ಉಷಾಳ ತಲೆಯಲ್ಲಿ ಕೂತುಬಿಟ್ಟಿತು. ಕಾಲು ನಿಲುಕದ ನೀರಿನಲ್ಲಿ ಈಜದೆ ತನಗೆ ಈಜು ಬರುತ್ತದೆ ಎಂದು ತಾನೇ ನಂಬುವುದು ಹೇಗೆ? ಹಡಗಿನವರ ಪುಸ್ತಕದಲ್ಲಿ ಈ ದ್ವೀಪದ ಚಿತ್ರವಿತ್ತು, ತೀರದಿಂದ ಇನ್ನೂರು ಅಡಿ ಆಚೆ, ಏಣಿಯಿದ್ದ ಒಂದು ತೇಲುವ ಮರದ ಕಟ್ಟೆ. ಅಲ್ಲಿಗೆ ಹೋಗಿ ಅದನ್ನು ಮುಟ್ಟಬೇಕು ಎಂದು ಎರಡು ತಿಂಗಳಿಂದ ಅವಳು ನಿಶ್ಚಯಿಸಿಕೊಂಡಿದ್ದಳು.

ಸಾಲು ಸರಿಯಿತು. ಅವಳ ಕಾರ್ಡು ಟಿಂಗ್ ಎಂದಿತು. ಇಳಿಜಾರಿನ ಮೇಲೆ ಎರಡು ಹೆಜ್ಜೆ ಇಟ್ಟು ತಿರುಗಿದರೆ ದ್ವಾರಕಾನಾಥರು ಬಾಗಿಲ ಒಳಗೇ ನಿಂತು ತಮ್ಮ ಕಾರ್ಡನ್ನು ಜೇಬಿಗೆ ಸೇರಿಸುತ್ತಿದ್ದರು.

"ಶುರುವಾಗ್ಹೋಯ್ತು ಕಣೇ," ಎಂದರು. "ಒಳಗೆ ಬಾ. ಹನ್ನೆರಡು ಕಳೀಲಿ, ನೋಡೋಣ."

"ಹನ್ನೆರಡಾದ್ಮೇಲೆ ನೋಡೋಕೆ ಏನಿರತ್ತೆ? ಅರ್ಧ ಗಂಟೇಲಿ ಬಾಗಿಲು ಹಾಕ್ತಾರೆ."

ದ್ವಾರಕಾನಾಥರ ಬೆನ್ನ ಹಿಂದಿದ್ದವರು ಹಿಕ್ಸ್‌ವಿಲ್‌ನ ಗದಿಗೆಪ್ಪ, ಊಟದ ಮೇಜಿನಲ್ಲಿ ಪರಿಚಯವಾಗಿದ್ದ ಮೂಲತಃ ಧಾರವಾಡದ ಕಡೆಯ ಡಾಕ್ಟರು. "ಅಲ್ರೀ ಸರ, ನಿಮ್ಮ ರಾಹುಗ ಈ ದೇಶದ್ ವೀಸಾ ಐತೇನ್ರಿ?" ಎಂದು ಅವರು ತಣ್ಣಗೆ ಕೇಳಿದರು. ದ್ವಾರಕಾನಾಥರ ಮುಖ ಗಂಟಿಕ್ಕಿತು. ಮೂವತ್ತಾರು ವರ್ಷ ಆ ಗಂಟುಮುಖ ಕಂಡಾಗಲೆಲ್ಲ ಉಷಾ ಹೊರಗಿಟ್ಟ ಕಾಲನ್ನು ಒಳಗಿಟ್ಟಿದ್ದಳು. ಈಗಲೂ ಕಾಲು ತಾನಾಗಿಯೇ ಹಿಂದಕ್ಕೆ ಹೊರಟಿತು. ಅವಳಿಗೆ ತನ್ನ ಕಾಲಿನ ಮೇಲೆಯೇ ಸಿಟ್ಟು ಬಂತು.

"ನೀವು ಹನ್ನೆರಡು ಕಳೆದ್ಮೇಲೆ ಬನ್ನಿ," ಎಂದಳು. "ನಾನು ನೀರಲ್ಲಿರ್ತೀನಿ."

ಮತ್ತೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗುತ್ತಿರಲಿಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಬಂದರಿನ ಗೇಟಿನಾಚೆ ಎಳನೀರಿನ ಗಾಡಿ, ಬಣ್ಣದ ಟೋಪಿಗಳ ಅಂಗಡಿಗಳು, ಬಾದಾಮಿ ಮರದ ನೆರಳಲ್ಲಿ ಕೇರಂ ಥರದ ಏನನ್ನೋ ಆಡುತ್ತಿದ್ದ ಮುದುಕರು. ಯಾರೋ ಟ್ಯಾಕ್ಸಿ ಬೇಕೇ ಎಂದು ಕೇಳಿದರು, ಬೇಡವೆಂದಳು. ರಾಹುಕಾಲದಲ್ಲಿ ಬೀದಿಯೂ ಬೇರೆ ಕಾಲದ ಬೀದಿಯ ಹಾಗೇ ಇತ್ತು. ಹತ್ತು ನಿಮಿಷದ ದಾರಿಯನ್ನು ಮಂಡಿ ಎಳೆದುಕೊಂಡು ಏಳು ನಿಮಿಷದಲ್ಲಿ ನಡೆದಳು.

ತೀರದಲ್ಲಿ ಕಾವಲಿನ ಎತ್ತರದ ಕುರ್ಚಿಯಿಂದ ಒಬ್ಬಾತ ಇಳಿದು ಬಂದು, ಕಟ್ಟೆಯ ಹತ್ತಿರ ಆಳ ಜಾಸ್ತಿ, ನಿಮಗೆ ಈಜು ಬರುತ್ತದೆಯೇ ಎಂದು ವಿಚಾರಿಸಿದ. ಬರುತ್ತದೆ ಎಂದಳು. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಚೂಡಿದಾರ್ ಕಳಚಿ ಮಡಿಸಿಟ್ಟು, ಒಳಗೆ ಹಾಕಿಕೊಂಡಿದ್ದ ಕಪ್ಪು ಈಜುಡುಗೆಯಲ್ಲಿ ನೀರಿಗಿಳಿದಳು. ನೀರು ಸ್ನಾನಕ್ಕೆ ಕಾಯಿಸಿದಂತೆ ಬೆಚ್ಚಗಿತ್ತು.

ಮೊದಲ ನೂರು ಅಡಿ ಏನೂ ಅನ್ನಿಸಲಿಲ್ಲ. ಆಮೇಲೆ ನೀರಿನ ಬಣ್ಣ ಬದಲಾಯಿತು. ತಿಳಿ ಹಸಿರು ಹೋಗಿ ನೀಲಿ ಬಂತು, ಕೆಳಗಿನ ಮರಳು ಕಾಣದಾಯಿತು. ಒಂದು ಅಲೆ ಮೂಗಿಗೆ ಹೊಡೆಯಿತು, ಉಪ್ಪುನೀರು ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ಹಿಡಿಯಲು ಗೋಡೆಯಿಲ್ಲ. ಆಗ ಉಷಾ ನಿಜಕ್ಕೂ ಹೆದರಿದಳು. ರಾಹು ನೆನಪಾದ, ಗಂಡನ ಮುಖ ನೆನಪಾಯಿತು, ತಾನು ಮುಳುಗಿದರೆ ಅವರು ಉಳಿದ ಆಯುಷ್ಯವೆಲ್ಲ 'ನಾನು ಹೇಳಿರಲಿಲ್ಲವೇ' ಎನ್ನುತ್ತಾರೆ ಎಂಬುದೂ ಹೊಳೆಯಿತು. ಆ ಯೋಚನೆಗೇ ಅವಳಿಗೆ ರೋಷ ಹತ್ತಿತು. ಅಂಗಾತ ತಿರುಗಿ, ಆಕಾಶ ನೋಡುತ್ತಾ ಕೆಮ್ಮು ನಿಲ್ಲುವವರೆಗೂ ತೇಲಿದಳು. ಸಮುದ್ರ ಅವಳನ್ನು ಹೊತ್ತುಕೊಂಡಿತ್ತು, ಕೊಳಕ್ಕಿಂತ ಹಗುರವಾಗಿ. ಉಸಿರು ಸರಿಹೋದ ಮೇಲೆ ಮಗುಚಿ, ಕೈ ಬೀಸಿದಳು. ಇನ್ನೊಂದು, ಮತ್ತೊಂದು. ಎಷ್ಟೋ ಹೊತ್ತಿನ ಮೇಲೆ ಬೆರಳಿಗೆ ಪಾಚಿ ಹಿಡಿದ ಮರ ತಗುಲಿತು.

ಏಣಿ ಹತ್ತಿ ಕಟ್ಟೆಯ ಮೇಲೆ ಕುಳಿತಾಗ ಅವಳಿಗೆ ಅಳು ಬಂತು, ನಗುವೂ ಬಂತು, ಎರಡನ್ನೂ ತಡೆಯಲಿಲ್ಲ. ಬಂದೇ ಬಿಟ್ಟಿದ್ದಳು. ಅಷ್ಟು ದೊಡ್ಡ ಹಡಗು ಅಲ್ಲೆಲ್ಲೋ ಅಂಗೈಯಗಲ ನಿಂತಿತ್ತು. ತೀರದಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟು, ಬೂಟುಗಳ ಸಮೇತ ಕಣಕಾಲು ನೀರಲ್ಲಿ ನಿಂತ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿದ್ದ. ಕರೆಯುತ್ತಿದ್ದಾರೋ ಬೈಯುತ್ತಿದ್ದಾರೋ ಅಷ್ಟು ದೂರಕ್ಕೆ ತಿಳಿಯುವಂತಿರಲಿಲ್ಲ. ಉಷಾ ತಾನೂ ಎರಡೂ ಕೈ ಮೇಲೆತ್ತಿದಳು. ಆಮೇಲೆ ತನಗೆ ಸಾಕೆನಿಸುವವರೆಗೆ ಬಿಸಿಲಲ್ಲಿ ಕಾಲಾಡಿಸುತ್ತಾ ಕೂತಿದ್ದು, ನೀರಿಗೆ ಧುಮುಕಿ, ಎಲ್ಲೂ ನಿಲ್ಲದೆ ಈಜಿಕೊಂಡು ತೀರಕ್ಕೆ ಬಂದಳು.

ಹಡಗಿನ ಗಡಿಯಾರ ಜರ್ಸಿಯ ಸಮಯಕ್ಕೇ ಇದೆ, ಈ ದ್ವೀಪ ಒಂದು ಗಂಟೆ ಮುಂದೆ, ಅದರಲ್ಲಿ ಹನ್ನೊಂದಾದರೆ ಇಲ್ಲಿ ಹನ್ನೆರಡು, ಇಲ್ಲಿಯ ಲೆಕ್ಕದಲ್ಲಿ ರಾಹುಕಾಲ ಆಗಲೇ ಮುಗಿದುಹೋಗಿದೆ ಎಂದು ಗದಿಗೆಪ್ಪನವರು ಹೇಳಿದರಂತೆ. ದ್ವಾರಕಾನಾಥರು ಅದನ್ನೆಲ್ಲ ಒಂದೇ ಉಸಿರಿನಲ್ಲಿ ವಿವರಿಸಿದರು. ಬಂದರಿನಿಂದ ಓಡಿಯೇ ಬಂದಿದ್ದರೆಂದು ಅವರ ಅಂಗಿ ನೋಡಿದರೆ ತಿಳಿಯುತ್ತಿತ್ತು. ಉಷಾ ಹೂಂ ಎಂದಳು. ಅವರು ಒಮ್ಮೆ ಕಟ್ಟೆಯನ್ನು, ಒಮ್ಮೆ ಅವಳನ್ನು ನೋಡಿದರು.

"ಅಲ್ಲಿ ಎಷ್ಟು ಆಳ ಇತ್ತು?" ಎಂದರು ಕೊನೆಗೆ.

"ಗೊತ್ತಿಲ್ಲ. ಕಾಲು ಊರಲೇ ಇಲ್ಲ."

ದ್ವಾರಕಾನಾಥರು ಅವಳ ಹಿಂದಕ್ಕೆ ಬಂದರು. ಅವಳ ಬೆನ್ನಿಗಂಟಿದ್ದ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಹಿಂಡಿದರು. ನೀರು ಅವರ ಬೂಟಿನ ಮೇಲೆ ಸುರಿಯುತ್ತಿತ್ತು, ಅವರು ಕಾಲು ಕದಲಿಸಲಿಲ್ಲ.