ತೂತು ಬಿದ್ದ ಒಬ್ಬಟ್ಟು

ಡಾಕ್ಟರ್ ವಿಶ್ವೇಶ್ವರ ಲೈಬ್ರರಿಯ ತರಗತಿಗೆ ಸೇರಿದ್ದು ತಾವು ಉದ್ಧಾರವಾಗಲಿಕ್ಕಲ್ಲ, ಮಿಕ್ಕವರನ್ನು ಉದ್ಧಾರ ಮಾಡಲಿಕ್ಕೆ. ಸ್ಟಾಕ್‌ಪೋರ್ಟ್‌ನಲ್ಲಿ ಬಹುಕಾಲದಿಂದ ಕುಟುಂಬ ವೈದ್ಯರಾಗಿದ್ದ ಅವರ ಕಣ್ಣಿಗೆ ತಪ್ಪುಗಳು ತಾವಾಗಿಯೇ ಬಂದು ಬೀಳುತ್ತಿದ್ದವು. ಹೆಂಡತಿ ವೇದಾ ಡಿಶ್‌ವಾಷರಿಗೆ ತಟ್ಟೆ ಜೋಡಿಸುವ ರೀತಿ ತಪ್ಪು, ಎದುರುಮನೆಯವರು ಕಾರು ನಿಲ್ಲಿಸುವುದು ತಪ್ಪು, ಮಗಳು ಸೃಷ್ಟಿ ಕೂತರೂ ತಪ್ಪು, ನಿಂತರೂ ತಪ್ಪು. ತಿದ್ದುವುದೇ ಪ್ರೀತಿ ಎಂದು ಆ ಪುಣ್ಯಾತ್ಮ ಮನಸಾರೆ ನಂಬಿದ್ದರು.

ಲೀಡ್ಸ್‌ನಲ್ಲಿ ಓದುತ್ತಿದ್ದ ಸೃಷ್ಟಿ ಹಾಗೆ ನಂಬಿರಲಿಲ್ಲ. ಬೆಳಿಗ್ಗೆ ರೈಲು ಹತ್ತಿದರೆ ತಿಂಡಿ ಹೊತ್ತಿಗೆ ಮನೆ ಸೇರಬಹುದಾದ ದೂರ; ಆದರೂ ಕ್ರಿಸ್‌ಮಸ್ ಕಳೆದ ಮೇಲೆ ಅವಳು ಈ ಕಡೆ ತಲೆ ಹಾಕಿರಲಿಲ್ಲ. ಕೇಳಿದರೆ ಅಸೈನ್‌ಮೆಂಟ್ ಎನ್ನುತ್ತಿದ್ದಳು. ವಿಶ್ವೇಶ್ವರರಿಗೆ ಮಗಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು.

"ಪಕ್ಕದ ಎಲೇಲಿ ನೊಣ ಬಿದ್ರೂ ಕಾಣತ್ತೆ ನಿಮಗೆ," ಎಂದಿದ್ದಳು ವೇದಾ. "ನಿಮ್ಮ ಎಲೇಲಿ ಕತ್ತೆ ಬಿದ್ದಿದೆ, ಅದನ್ನ ನೋಡ್ಕೊಳ್ಳಿ."

ತರಗತಿ ನಡೆಸುತ್ತಿದ್ದವರು ಹಾಂಗ್‌ಕಾಂಗ್‌ನಿಂದ ಬಂದು ನೆಲೆಸಿದ ನಿವೃತ್ತ ಮೇಷ್ಟ್ರು ಯಿಪ್. ಕನ್ಫ್ಯೂಷಿಯಸ್‌ನ ವಿವೇಕವನ್ನು ದಿನನಿತ್ಯದ ಬದುಕಿಗೆ ತರುವುದು ಹೇಗೆ ಎಂಬುದು ಅವರ ವಿಷಯ. ಹಿರಿಯರಿಗೆ ಗೌರವ, ಶಿಸ್ತು, ನಡೆನುಡಿ, ಎಲ್ಲವನ್ನೂ ಕಟ್ಟಿಕೊಂಡು ಹೋಗಿ ಮಗಳ ಮುಂದೆ ಸುರಿಯಬಹುದೆಂದು ವಿಶ್ವೇಶ್ವರ ಮುಂದಿನ ಸಾಲಿನಲ್ಲೇ ಕೂತರು. ಮೇಷ್ಟ್ರು ಅಲ್ಲಿಂದ ಶುರುಮಾಡಲೇ ಇಲ್ಲ. ಬೇರೆಯವರ ತಪ್ಪು ಕಂಡರೆ ಮೊದಲು ನಮ್ಮೊಳಗೆ ಹುಡುಕಬೇಕು, ಯಜಮಾನ ನೆಟ್ಟಗಾದರೆ ಮನೆ ತಾನಾಗಿ ನೆಟ್ಟಗಾಗುತ್ತದೆ ಎಂದರು. ಹೋಂವರ್ಕನ್ನೂ ಕೊಟ್ಟರು: ಮುಂದಿನ ಶನಿವಾರದವರೆಗೆ ಯಾರನ್ನೂ ತಿದ್ದಕೂಡದು.

ಮಾರನೆಯ ದಿನವೇ ಯುಗಾದಿ. ಸೃಷ್ಟಿ ಬಂದೇಬಿಟ್ಟಳು. ಬಾಗಿಲಲ್ಲೇ, "ಒಬ್ಬಟ್ಟು ನಾನೇ ಮಾಡ್ತೀನಿ, ನೋ ಹೆಲ್ಪ್ ಪ್ಲೀಸ್," ಎಂದು ಅಂಗಿಯ ತೋಳು ಮಡಿಸಿಕೊಂಡು ಅಡುಗೆಮನೆ ಹೊಕ್ಕಳು.

ವಿಶ್ವೇಶ್ವರ ಸ್ಟೂಲಿನ ಮೇಲೆ ಕೂತು ಹಲ್ಲು ಕಚ್ಚಿದರು. ಇವತ್ತು ಬಾಯಿ ಜಾರಿದರೆ ಹುಡುಗಿ ಮತ್ತೆ ಯಾವ ಹಬ್ಬಕ್ಕೆ ಬರುತ್ತಾಳೋ. ಕಣಕ ಗಟ್ಟಿಯಾಯಿತು ಎನಿಸಿತು, ನುಂಗಿಕೊಂಡರು. ಕಾವಲಿ ಸರಿಯಾಗಿ ಕಾದಿಲ್ಲ ಎನಿಸಿತು, ನೀರು ಕುಡಿದರು. ಮೊದಲ ಒಬ್ಬಟ್ಟು ಹರಿದು ಹೂರಣ ಕಾವಲಿಗೆ ಹತ್ತಿಕೊಂಡಾಗ ಎದ್ದು ಹೋಗಿ ಕಿಟಕಿಯಾಚೆ ನೋಡುತ್ತ ನಿಂತರು. ವೇದಾ ಸೆರಗಿನಲ್ಲಿ ನಗು ಅಡಗಿಸಿಕೊಂಡಳು.

ಸೃಷ್ಟಿ ಮೊಗಚುವ ಸಟ್ಟುಗ ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು.

"ಅಪ್ಪಾ, ಈಸ್ ಇಟ್ ದಟ್ ಬ್ಯಾಡ್? ನೀನು ಒಂದು ಮಾತೂ ಆಡ್ತಿಲ್ಲ. ಬೈದ್ರೆ ಅಭ್ಯಾಸ ಇದೆ. ಸುಮ್ನಿದ್ರೆ ಭಯ ಆಗತ್ತೆ."

ವಿಶ್ವೇಶ್ವರ ತಬ್ಬಿಬ್ಬಾದರು. ಬೇರೆ ದಾರಿಯಿಲ್ಲದೆ ಲೈಬ್ರರಿ, ಯಿಪ್ ಮೇಷ್ಟ್ರು, ಹೋಂವರ್ಕು ಎಲ್ಲವನ್ನೂ ಒಪ್ಪಿಸಿದರು. ಸೃಷ್ಟಿ ಕಣ್ಣೊರೆಸಿಕೊಳ್ಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾನು ಲೀಡ್ಸ್‌ನಲ್ಲಿ ಎಷ್ಟು ಪ್ರಾಕ್ಟೀಸ್ ಮಾಡಿದ್ದೀನಿ ಗೊತ್ತಾ? ಹರಿದಿದ್ದೆಲ್ಲ ತಿಂದೂ ತಿಂದೂ ನನ್ನ ಫ್ಲ್ಯಾಟ್‌ಮೇಟ್ಸ್ ಗುಂಡಾಗಿದಾರೆ. ಇವತ್ತು ನಿನಗೆ ಒಂದು ತಪ್ಪೂ ಸಿಗಬಾರದು ಅಂತ."

ಮಗಳು ಹಬ್ಬಕ್ಕೆ ಬಂದಿರಲಿಲ್ಲ, ಪರೀಕ್ಷೆಗೆ ಬಂದಿದ್ದಳು. ಅಪ್ಪನ ಮನೆಗೆ ಬರಲು ತಯಾರಿ ಮಾಡಿಕೊಳ್ಳಬೇಕಾಯಿತಲ್ಲ ಈ ಮಗು ಎಂದು ವಿಶ್ವೇಶ್ವರರಿಗೆ ನಾಚಿಕೆಯಾಯಿತು. ಮೇಷ್ಟ್ರ ಮಾತಿನಂತೆ ಒಳಗೆ ನೋಡಿಕೊಂಡರು. ಒಬ್ಬಟ್ಟಿನ ಬಗ್ಗೆ ಇಷ್ಟೆಲ್ಲ ತಿಳಿದ ತಾವು ಜನ್ಮದಲ್ಲಿ ಒಂದನ್ನೂ ತಟ್ಟಿರಲಿಲ್ಲ.

"ನನಗೂ ಹೇಳಿಕೊಡ್ತೀಯಾ, ಪುಟ್ಟಿ?" ಎಂದು ಕೈ ತೊಳೆದುಕೊಂಡು ಬಂದರು.

ಅವರದು ಮೊದಲನೆಯದು ಹರಿಯಿತು. ಎರಡನೆಯದು ಶ್ರೀಲಂಕಾದ ಆಕಾರ ತಾಳಿತು. ವೇದಾ ಹರಿದದ್ದನ್ನೆಲ್ಲ ತುಪ್ಪ ಸುರಿದುಕೊಂಡು ನಿಂತಲ್ಲೇ ತಿನ್ನುತ್ತಿದ್ದಳು. ಸೃಷ್ಟಿಗೆ ಹಬ್ಬವೋ ಹಬ್ಬ.

"ಹಾಗಲ್ಲ ಅಪ್ಪಾ, ಅಂಚಿಂದ ತಟ್ಟು. ಅಯ್ಯೋ, ಜಾಸ್ತಿ ಒತ್ತಬೇಡ. ಎಣ್ಣೆ ಹಚ್ಕೋ ಕೈಗೆ." ಇಂಗ್ಲಿಷನ್ನು ಯಾವಾಗ ಬಿಟ್ಟಳೋ ಅವಳಿಗೇ ತಿಳಿಯಲಿಲ್ಲ. ತಿದ್ದಿಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ವಿಶ್ವೇಶ್ವರರಿಗೂ ಇಷ್ಟು ದಿನ ತಿಳಿದಿರಲಿಲ್ಲ.

ಸಂಜೆಯ ರೈಲಿಗೆ ಡಬ್ಬಿ ಕಟ್ಟಿಕೊಳ್ಳುತ್ತ ಅವಳು ಅಪ್ಪನ ಕೈಕೆಲಸ ನೋಡಿ ತಲೆಯಾಡಿಸಿದಳು. "ನಿಂದು ಇನ್ನೂ ಹರೀತಾನೇ ಇದೆ. ಮುಂದಿನ ವಾರ ಬಂದು ಮತ್ತೆ ಹೇಳಿಕೊಡ್ತೀನಿ. ಸರಿಯಾಗಿ ಬರೋವರೆಗೂ ಬಿಡಲ್ಲ."

ಅವಳು ಕೋಟು ತರಲು ಮಹಡಿಗೆ ಹೋದಳು. ಅಷ್ಟರಲ್ಲಿ ವಿಶ್ವೇಶ್ವರ ತಟ್ಟಿದ ಕೊನೆಯ ಒಬ್ಬಟ್ಟು ಬಟರ್ ಪೇಪರಿನ ಮೇಲೆ ಅರಳಿ ಕೂತಿತ್ತು: ತೆಳ್ಳಗೆ, ಗುಂಡಗೆ, ಎಲ್ಲೂ ಹರಿಯದೆ. ಅವರು ಅದನ್ನು ಒಂದು ಗಳಿಗೆ ಹೆಮ್ಮೆಯಿಂದ ನೋಡಿದರು. ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಸಪ್ಪಳ ಕೇಳಿತು.

ಅವರು ಹೆಬ್ಬೆರಳಿಟ್ಟು ನಡುವೆ ಒಂದು ತೂತು ಮಾಡಿದರು.